ಜೇಬಲ್ಲಿ ಕಾಸಿಲ್ಲದ ಹೀರೋಗಳು: ಸಿಲ್ಕ್‌ಸಾಂಗ್, ಹೊಸ ಬ್ಯಾಟ್‌ಮ್ಯಾನ್, ಲೋಕಾ ಮತ್ತೆ ಒಂದಿಷ್ಟು ಚಿಲ್ಲರೆ ಮಾತು

ಕೂತ್ಕೊಳ್ಳೋಕೂ ಕಾಸು ಕೇಳೋ ಗೇಮ್ ನೋಡಿದೀರಾ? ಹಾಲೋ ನೈಟ್: ಸಿಲ್ಕ್‌ಸಾಂಗ್‌ನಲ್ಲಿ ಕೇಳ್ತಾರೆ. ಈ ಥರದ ಗೇಮಲ್ಲಿ ಬೆಂಚ್ ಅಂದ್ರೆ ಸೇವ್ ಪಾಯಿಂಟು, ಅಲ್ಲಿ ಕೂತ್ರೆ ಜೀವ ತುಂಬುತ್ತೆ, ಸತ್ರೆ ಅಲ್ಲಿಂದಾನೇ ಮತ್ತೆ ಶುರು. ಇನ್ನೊಂದೇ ಒಂದು ಏಟು ಬಿದ್ರೆ ಕಥೆ ಮುಗೀತು ಅನ್ನೋ ಸ್ಥಿತೀಲಿ, ಜೀವ ಕೈಲಿ ಹಿಡ್ಕೊಂಡು ಓಡಿ ಬಂದು ನೋಡಿದ್ರೆ ಕೆಲವು ಕಡೆ ಬೆಂಚ್ ಪುಕ್ಸಟ್ಟೆ ಸಿಗಲ್ಲ, ಮೊದಲು ಜಪಮಣಿ ಹಾಕಬೇಕು, ಆಮೇಲೆ ಕೂರಬೇಕು. ಮಣಿ ಅಂದ್ರೆ ಆ ಹುಳಗಳ ಲೋಕದ ದುಡ್ಡು. ಕೈಲಿ ಮಣಿ ಇಲ್ವಾ, ಹೋಗು ಮತ್ತೆ, ಯಾವುದಾದ್ರೂ ಯಾತ್ರಿಕ ಹುಳಾನ ಹೊಡೆದು ದುಡ್ಕೊಂಡು ಬಾ. ಇನ್ನು ಹಂಟರ್ಸ್ ಮಾರ್ಚ್ ಅಂತ ಒಂದು ಏರಿಯಾ ಇದೆ, ಇರುವೆಗಳ ಅಡ್ಡಾ, ಅಲ್ಲಿ ಹೆಂಗೋ ಒದ್ದಾಡಿ ಬೆಂಚ್ ಹುಡುಕಿ ಅಬ್ಬಾ ಅಂತ ಕೂತ್ರೆ ಆ ಬೆಂಚೇ ಟ್ರ್ಯಾಪು ಗುರು! ಕೂತ ಜಾಗದಲ್ಲೇ ಹೊಡೆತ ಬೀಳುತ್ತೆ. ಈ ಜೋಕ್ ಮಾಡಿದವರ ಮೇಲೆ ಸಿಟ್ಟೂ ಬಂತು, ನಗೂನೂ ಬಂತು.

ಮಾಡಿದವರು ಟೀಮ್ ಚೆರ್ರಿ, ಆಸ್ಟ್ರೇಲಿಯಾದ ಅಡಿಲೇಡ್‌ನವರು, ಬೆರಳೆಣಿಕೆಯಷ್ಟು ಜನ. ಮೊದಲನೇ ಹಾಲೋ ನೈಟ್ 2017ರಲ್ಲಿ ಬಂತು, ಅದಕ್ಕೆ ಒಂದು ಎಕ್ಸ್‌ಟ್ರಾ ಭಾಗ ಮಾಡ್ತೀವಿ ಅಂತ ಹೊರಟವರು ಅದನ್ನೇ ಬೆಳೆಸಿ ಬೆಳೆಸಿ ಪೂರ್ತಿ ಗೇಮೇ ಮಾಡ್ಬಿಟ್ರು. 2019ರ ಫೆಬ್ರವರೀಲಿ ಅನೌನ್ಸ್ ಆಗಿದ್ದು ಕೈಗೆ ಸಿಕ್ಕಿದ್ದು 2025ರ ಸೆಪ್ಟೆಂಬರ್ 4ಕ್ಕೆ. ಮಧ್ಯದಲ್ಲಿ ಎಷ್ಟು ಮೀಮ್ ಬಂದ್ವೋ, ಗೇಮಿಂಗ್ ಶೋ ಯಾವುದೇ ಇರ್ಲಿ ಕಾಮೆಂಟಲ್ಲಿ ಸಿಲ್ಕ್‌ಸಾಂಗ್ ಎಲ್ಲಿ ಅಂತ ಕೇಳೋದೇ ಒಂದು ಸಂಪ್ರದಾಯ ಆಗೋಗಿತ್ತು. ನಮ್ಮ ಟೈಮ್ ಪ್ರಕಾರ ಸಂಜೆ ಏಳೂವರೆಗೆ ಬಿಟ್ರು, ಬಿಟ್ಟ ತಕ್ಷಣ ಸ್ಟೀಮ್, ನಿಂಟೆಂಡೋ, ಪ್ಲೇಸ್ಟೇಷನ್‌ನ ಆನ್‌ಲೈನ್ ಗೇಮ್ ಅಂಗಡಿಗಳೆಲ್ಲಾ ಒಟ್ಟಿಗೆ ಮಕಾಡೆ ಮಲಗಿದ್ವು. ಸ್ಟೀಮ್ ಒಂದರಲ್ಲೇ ಒಂದೇ ಹೊತ್ತಿಗೆ ಐದು ಲಕ್ಷಕ್ಕಿಂತ ಜಾಸ್ತಿ ಜನ ಆಡ್ತಿದ್ರು. ಬೆಲೆ ಇಪ್ಪತ್ತು ಡಾಲರ್. ದೊಡ್ಡ ಕಂಪ್ನಿಗಳು ಎಪ್ಪತ್ತು ಡಾಲರ್ ಕಿತ್ಕೊಳ್ಳೋ ಕಾಲದಲ್ಲಿ ಇದು ಧರ್ಮಕ್ಕೆ ಕೊಟ್ಟಂಗೇ. ದೊಡ್ಡ ಗ್ರಾಫಿಕ್ಸ್ ಕಾರ್ಡೂ ಬೇಡ, ಆಫೀಸಿನ ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತೆ (ಆಫೀಸ್ ಟೈಮಲ್ಲಿ ಆಡಿ ಅಂತ ನಾನು ಹೇಳ್ತಿಲ್ಲ).

ಈಗ ದುಡ್ಡಿನ ವಿಷಯಕ್ಕೇ ಬರ್ತೀನಿ, ಯಾಕಂದ್ರೆ ಈ ಗೇಮಿನ ಅರ್ಧ ಮಜಾ ಅರ್ಧ ಕಾಟ ಎರಡೂ ಅಲ್ಲೇ ಇರೋದು. ಹಾರ್ನೆಟ್ ಅಂದ್ರೆ ನಮ್ಮ ಹೀರೋಯಿನ್ನು, ಅವಳನ್ನ ಪಂಜರದಲ್ಲಿ ಹಾಕಿ ಫಾರ್ಲೂಮ್ ಅನ್ನೋ ರಾಜ್ಯಕ್ಕೆ ಹೊತ್ಕೊಂಡು ಬಂದಿರ್ತಾರೆ, ತಪ್ಪಿಸ್ಕೊಂಡು ಬಿದ್ದಿದ್ದು ಪಾತಾಳಕ್ಕೆ, ಅಲ್ಲಿಂದ ಮೇಲಿರೋ ದೊಡ್ಡ ಮಠದಂಥ ಸಿಟಾಡೆಲ್‌ಗೆ ಹತ್ಕೊಂಡು ಹೋಗಬೇಕು. ದಾರೀಲಿ ಸಿಗೋರೆಲ್ಲಾ ಯಾತ್ರಿಕರು, ಮುಕ್ತಿ ಸಿಗುತ್ತೆ ಅಂತ ಹೊರಟು ಅರ್ಧ ದಾರೀಲೇ ಬುದ್ಧಿ ಕೆಟ್ಟೋದವರು. ಆ ಯಾತ್ರಿಕರ ಹತ್ರ ಮಾತ್ರ ಮಣಿ ಇರುತ್ತೆ, ಕಾಡು ಪ್ರಾಣಿ ಥರದ ಹುಳ ಹೊಡೆದ್ರೆ ಚಿಪ್ಪಿನ ಚೂರಷ್ಟೇ, ಒಂದು ಮಣೀನೂ ಇಲ್ಲ. ಸತ್ರೆ ಕೈಲಿದ್ದ ಬಿಡಿ ಮಣಿಯೆಲ್ಲಾ ಅಲ್ಲೇ ಬಿದ್ದಿರುತ್ತೆ, ವಾಪಸ್ ಹೋಗಿ ಎತ್ಕೊಳ್ಳೋ ಮೊದ್ಲೇ ಮತ್ತೆ ಸತ್ರೆ ಗೋವಿಂದ. ಮಣೀನ ದಾರಕ್ಕೆ ಪೋಣಿಸಿಟ್ರೆ ಸೇಫು, ಆದ್ರೆ ಪೋಣಿಸೋಕೆ ಕಮಿಷನ್ ಮುರ್ಕೊಳ್ತಾರೆ! ಧರ್ಮದ ಹೆಸರಲ್ಲಿ ದಾರಿಯುದ್ದಕ್ಕೂ ಹುಂಡಿ ಇಟ್ಟಿರೋ ಊರಿದು ಅಂತ ಒಂದು ಡೈಲಾಗೂ ಇಲ್ದೆ ಹೇಳ್ಬಿಟ್ರಲ್ಲ, ಅದು ಬರವಣಿಗೆ. ಭಾಷಣ ಮಾಡೋ ಗೇಮ್‌ಗಳು ಇದನ್ನ ನೋಡಿ ಕಲೀಬೇಕು.

ಬೈಗುಳಾನೂ ಇದೆ. ಶುರೂಲಿ ಐದೇ ಮಾಸ್ಕ್ ಅಂದ್ರೆ ಐದು ಜೀವ, ಆದ್ರೆ ಮುಂದೆ ಹೋಗ್ತಾ ಬಹಳಷ್ಟು ಶತ್ರುಗಳ ಒಂದೇಟಿಗೆ ಎರಡೆರಡು ಹೋಗುತ್ತೆ, ಹಂಗಾದ್ರೆ ಐದು ಅಂತ ಹೆಸರಿಗಷ್ಟೇ, ಮೂರೇಟಿಗೆ ಢಮಾರ್. ಕೆಳಗೆ ಹೊಡೆಯೋ ಏಟು ಹಳೇ ಗೇಮಲ್ಲಿ ನೇರ ಇತ್ತು, ಇಲ್ಲಿ ಓರೆಯಾಗಿ ಹೋಗುತ್ತೆ, ಬೆರಳಿಗೆ ಅಭ್ಯಾಸ ಆಗೋವರೆಗೂ ಕಂಟ್ರೋಲರ್ ಎಸೆಯೋ ಹಂಗಾಗುತ್ತೆ, ಹೊಡೆಯೋ ಶೈಲೀನೇ ಬದಲಿಸೋ ವಾಂಡರರ್ ಕ್ರೆಸ್ಟ್ ಸಿಕ್ಕಿದ್ಮೇಲೆ ಸ್ವಲ್ಪ ಉಸಿರು ಬರುತ್ತೆ, ಹಳೇ ಕೈ ಇರೋರು ಅದನ್ನ ಬೇಗ ಹುಡುಕ್ಕೊಳ್ಳಿ. ಲಾಸ್ಟ್ ಜಡ್ಜ್ ಅನ್ನೋ ಬಾಸ್ (ಅಂದ್ರೆ ದೊಡ್ಡ ಶತ್ರು) ಫೈಟ್ ಬೊಂಬಾಟು, ಆದ್ರೆ ಸತ್ತಾಗೆಲ್ಲಾ ಬೆಂಚಿಂದ ಅಲ್ಲಿವರೆಗೂ ಮತ್ತೆ ಓಡಬೇಕಲ್ಲಾ, ಅದು ಕಷ್ಟ ಅಲ್ಲ, ಬರೀ ಟೈಮ್ ವೇಸ್ಟು. ಬೈಲ್‌ವಾಟರ್ ಅಂತ ಒಂದು ಗಬ್ಬು ನೀರಿನ ಏರಿಯಾ ಇದೆ, ಅಲ್ಲಿ ನೀರಿಗೆ ಬಿದ್ರೆ ಹುಳ ಮೆತ್ಕೊಂಡು ಹೀಲ್ ಮಾಡ್ಕೊಳ್ಳೋಕೂ ಆಗಲ್ಲ, ಬೆಂಚೂ ಬಚ್ಚಿಟ್ಟಿದ್ದಾರೆ. ಅದನ್ನ ಡಿಸೈನ್ ಮಾಡಿದವರಿಗೆ ಆಡೋರ ಮೇಲೆ ಏನೋ ಹಳೇ ದ್ವೇಷ ಇರಬೇಕು. ಜನ ಬೈದಿದ್ದಕ್ಕೋ ಏನೋ ಬಿಡುಗಡೆ ಆಗಿ ಸ್ವಲ್ಪ ದಿನಕ್ಕೇ ಪ್ಯಾಚ್ ಅಂದ್ರೆ ತಿದ್ದುಪಡಿ ಬಂತು, ಮೂರ್‌ವಿಂಗ್, ಸಿಸ್ಟರ್ ಸ್ಪ್ಲಿಂಟರ್ ಈ ಎರಡು ಬಾಸ್ ಸ್ವಲ್ಪ ಮೆತ್ತಗಾದ್ವು, ಬೆಂಚಿನ ರೇಟೂ ಇಳೀತು. ಗೇಮಿನೊಳಗಿನ ಬೆಲೆ ಏರಿಕೆ ವಿರುದ್ಧ ಹೋರಾಟ ಮಾಡಿ ಗೆದ್ದಿದ್ದು ನಮ್ಮ ಪೀಳಿಗೆ, ಹೊರಗಡೆದು ಬಿಡಿ.

ಇಷ್ಟೆಲ್ಲಾ ಯಾಕೆ ಹೇಳಿದೆ ಅಂದ್ರೆ, 2025ರಲ್ಲಿ ನಾನು ಇಷ್ಟಪಟ್ಟಿದ್ದನ್ನೆಲ್ಲಾ ಒಂದು ಸಾಲಲ್ಲಿ ಇಟ್ಟು ನೋಡಿದ್ರೆ ಎಲ್ಲಾ ಕಡೆ ಹೀರೋ ಬಡವ. ದುಡ್ಡಲ್ಲಿ ಅಥವಾ ಟೈಮಲ್ಲಿ ಅಥವಾ ಶಕ್ತೀಲಿ ಏನೋ ಒಂದು ಕೈಗೆ ಸಾಲ್ತಾ ಇಲ್ಲ. ನನಗೆ ಬೋರ್ ಹೊಡೆಸಿದ್ದೆಲ್ಲಾ ಉಲ್ಟಾ, ಹೀರೋಗೆ ಬೇಕಾದ್ದೆಲ್ಲಾ ಚಿಟಿಕೆ ಹೊಡೆದ್ರೆ ಸಿಗುತ್ತೆ, ಸತ್ರೆ ಇನ್ನೊಂದು ಲೋಕದಿಂದ ಸ್ಪೇರ್ ಪೀಸ್ ಬರುತ್ತೆ. ಕೈಲಿ ಕಮ್ಮಿ ಇದ್ದಾಗ್ಲೇ ತಲೆ ಓಡೋದು, ಇದು ಹೀರೋಗೂ ಹೌದು ಬರೆಯೋರಿಗೂ ಹೌದು.

ಅದಕ್ಕೇ ಅಬ್ಸಲ್ಯೂಟ್ ಬ್ಯಾಟ್‌ಮ್ಯಾನ್ ಕಾಮಿಕ್ಸ್. ಬ್ಯಾಟ್‌ಮ್ಯಾನ್ ಸೂಪರ್‌ಪವರ್ ಏನು ಅಂದ್ರೆ ದುಡ್ಡು ಅನ್ನೋದು ಹಳೇ ಜೋಕು ತಾನೇ, ಬರೆಯೋ ಸ್ಕಾಟ್ ಸ್ನೈಡರ್ ಮತ್ತೆ ಚಿತ್ರ ಬಿಡಿಸೋ ನಿಕ್ ಡ್ರಗೋಟ್ಟಾ ಆ ಜೋಕನ್ನೇ ಸೀರಿಯಸ್ಸಾಗಿ ತಗೊಂಡು ದುಡ್ಡೇ ಇಲ್ಲ ಅಂದ್ರೆ ಏನಾಗುತ್ತೆ ನೋಡೋಣ ಅಂತ 2024ರ ಅಕ್ಟೋಬರಲ್ಲಿ ಶುರು ಮಾಡಿದ್ರು. ಇಲ್ಲಿ ಬ್ರೂಸ್ ವೇಯ್ನ್ ಅರಮನೆ ಹುಡುಗ ಅಲ್ಲ, ಕೆಳ ಮಧ್ಯಮ ವರ್ಗದ ಮನೆ, ಅಪ್ಪ ಸ್ಕೂಲ್ ಮೇಷ್ಟ್ರು, ಮಕ್ಕಳನ್ನ ಝೂಗೆ ಕರ್ಕೊಂಡು ಹೋಗಿದ್ದಾಗ ಗುಂಡೇಟಿಗೆ ಸತ್ತೋಗ್ತಾನೆ. ಅಮ್ಮ ಮಾರ್ಥಾ ಬದುಕಿದ್ದಾಳೆ! ಎಷ್ಟೋ ವರ್ಷದಿಂದ ಹೆಚ್ಚುಕಮ್ಮಿ ಪ್ರತಿ ಸಲ ಸಾಯಿಸ್ತಾನೇ ಬಂದ ಅಮ್ಮನ್ನ ಈ ಸಲ ಉಳಿಸಿದ್ದಾರೆ, ಅದೊಂದೇ ಬದಲಾವಣೆಗೆ ಕಥೆಯ ಬಣ್ಣಾನೇ ಬೇರೆ ಆಗುತ್ತೆ, ಯಾಕಂದ್ರೆ ರಾತ್ರಿ ಹೊರಗೆ ಹೋಗೋ ಮಗನಿಗೆ ಮನೇಲಿ ಸುಳ್ಳು ಹೇಳೋಕೆ ಒಬ್ರು ಇದ್ದಾರೆ. ಬ್ರೂಸ್ ಓದಿದ್ದು ಇಂಜಿನಿಯರಿಂಗ್, ಸಿಟಿಯ ಸೇತುವೆ ಕಟ್ಟಡ ಎಲ್ಲಾದರ ನಾಡಿ ಗೊತ್ತು. ಪೆಂಗ್ವಿನ್, ರಿಡ್ಲರ್, ಕಿಲ್ಲರ್ ಕ್ರಾಕ್, ಟೂ-ಫೇಸ್ ಅನ್ನೋ ವಿಲನ್‌ಗಳಾಗಬೇಕಾದವರೆಲ್ಲಾ ಇಲ್ಲಿ ಅವನ ಬಾಲ್ಯದ ಗೆಳೆಯರು, ಅದೇ ಬೀದೀಲಿ ಒಟ್ಟಿಗೆ ಬೆಳೆದವರು. ಆಲ್ಫ್ರೆಡ್ ಮನೆ ಬಟ್ಲರ್ ಅಲ್ಲ, ಇವನ ಮೇಲೆ ಕಣ್ಣಿಡೋಕೆ ಬಂದಿರೋ ಬ್ರಿಟಿಷ್ ಏಜೆಂಟು, ಕಥೆ ಹೇಳೋದೂ ಅವನೇ. ಜೋಕರ್ ಮಾತ್ರ ಶ್ರೀಮಂತ, ಅವನು ನಗೋದೂ ಇಲ್ಲ.

ಡ್ರಗೋಟ್ಟಾ ಚಿತ್ರದ ಬಗ್ಗೆ ಹೇಳ್ಲೇಬೇಕು. ಈ ಬ್ಯಾಟ್‌ಮ್ಯಾನ್ ಭುಜ ನೋಡಿದ್ರೆ ಪುಟದ ಚೌಕಟ್ಟಿಗೇ ಹಿಡಿಸಲ್ಲ, ಅಷ್ಟಗಲ. ಎದೆ ಮೇಲಿನ ಬಾವಲಿ ಗುರುತು ಬರೀ ಗುರುತಲ್ಲ, ಕಿತ್ತು ಹಿಡಿಗೆ ಸಿಕ್ಕಿಸಿದ್ರೆ ಕೊಡಲಿ. ಕಿವಿ ಕಿತ್ರೆ ಚಾಕು. ದುಡ್ಡಿಲ್ಲ ಅಂದ್ಮೇಲೆ ಹೊತ್ಕೊಂಡು ಓಡಾಡೋ ಪ್ರತಿಯೊಂದು ವಸ್ತೂನೂ ಎರಡು ಕೆಲ್ಸ ಮಾಡಬೇಕಲ್ಲ, ಆ ಯೋಚನೆ ಡ್ರೆಸ್ಸಲ್ಲೇ ಕಾಣುತ್ತೆ. ಬ್ಯಾಟ್‌ಮೊಬೈಲ್ ಅಂದ್ರೆ ಕಪ್ಪು ಸ್ಪೋರ್ಟ್ಸ್ ಕಾರಲ್ಲ, ಗಣಿ ಕಡೆ ಓಡಾಡೋ ಥರದ ರಾಕ್ಷಸ ಗಾತ್ರದ ಟಿಪ್ಪರ್, ಅದು ಬರೋ ಪುಟ ನೋಡಿ ನಾನು ಬಳ್ಳಾರಿ ಕಡೆ ಲಾರಿ ಅಂತ ಜೋರಾಗಿ ನಕ್ಕೆ. ಚಿಕ್ಕ ಚಿಕ್ಕ ಚೌಕಗಳನ್ನ ಸಾಲಾಗಿ ಒತ್ತೊತ್ತಾಗಿ ಜೋಡಿಸಿ ಜೋಡಿಸಿ ಆಮೇಲೆ ಒಂದೇ ಸಲ ಎರಡು ಪುಟ ತುಂಬಾ ಒಂದೇ ಚಿತ್ರ ಬಿಡ್ತಾರೆ, ಆ ಹೊಡೆತ ಮೊಬೈಲ್ ಸ್ಕ್ರೀನಲ್ಲಿ ಓದೋರಿಗೆ ಸಿಗಲ್ಲ ಸ್ವಾಮಿ. ಒಂದು ಕೊರತೆ ಅಂದ್ರೆ ಸ್ನೈಡರ್‌ಗೆ ಮಾತು ಜಾಸ್ತಿ, ಹೊಡೆದಾಟದ ಮಧ್ಯೆ ಪ್ಯಾರಾಗಟ್ಟಲೆ ತತ್ವ, ಚಿತ್ರಾನೇ ಹೇಳಿ ಮುಗಿಸಿದ್ದನ್ನ ಮತ್ತೆ ಬಾಯಲ್ಲಿ ಹೇಳಿಸ್ತಾರೆ. ರಕ್ತ ಸಿಕ್ಕಾಪಟ್ಟೆ, ಮಕ್ಕಳಿಗೆ ಕೊಡಿಸೋ ಐಡಿಯಾ ಇದ್ರೆ ಬೇಡ.

ಮೊದಲ ಆರು ಸಂಚಿಕೆ ಸೇರಿಸಿ ದಿ ಝೂ ಅಂತ ಪುಸ್ತಕ ಬಂದಿದೆ, ಬಿಡಿ ಬಿಡಿ ಸಂಚಿಕೆ ಹುಡುಕೋ ಬದ್ಲು ಅದನ್ನೇ ತಗೊಳ್ಳಿ. ಎಲ್ಲಿ ತಗೊಳ್ಳೋದು ಅನ್ನೋದೇ ದೊಡ್ಡ ಕಥೆ. ನಾನು ಆನ್‌ಲೈನಲ್ಲಿ ತರಿಸಿದ್ದು ಒಂದು ತೆಳ್ಳನೆ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಕಳ್ಸಿದ್ರು, ರಟ್ಟಿಲ್ಲ ಬಬಲ್ ರ್‍ಯಾಪಿಲ್ಲ, ನಾಲ್ಕೂ ಮೂಲೆ ನಾಯಿ ಕಿವಿ ಥರ ಮಡಚ್ಕೊಂಡು ಬಂತು. ವಾಪಸ್ ಕಳ್ಸಿದ್ರೆ ಬಂದ ಎರಡನೇ ಕಾಪೀನೂ ಹಂಗೇ. ಕಾಮಿಕ್ಸ್ ಅಂದ್ರೆ ಇವರಿಗೆ ಹೋದ ವಾರದ ಪೇಪರ್ ಇದ್ದಂಗೆ ಅನ್ಸುತ್ತೆ. ಬೆಂಗಳೂರಲ್ಲಿರೋರು ಚರ್ಚ್ ಸ್ಟ್ರೀಟಿಗೆ ಹೋಗಿ, ಬ್ಲಾಸಮ್, ಬುಕ್‌ವರ್ಮ್ ಎರಡೂ ಅಲ್ಲೇ ಇದೆ, ಕೈಲಿ ಹಿಡಿದು ಪುಟ ತಿರುಗಿಸಿ ನೋಡಿ ತಗೋಬಹುದು, ಜೊತೆಗೆ ಸೆಕೆಂಡ್ ಹ್ಯಾಂಡ್ ರಾಶೀಲಿ ಏನೋ ಒಂದು ನಿಧಿ ಸಿಕ್ಕೇ ಸಿಗುತ್ತೆ. ಆದ್ರೆ ಎಲ್ಲಾ ಇಂಗ್ಲಿಷು. ಅಮರ ಚಿತ್ರ ಕಥೆಯ ಅನಂತ ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ, ಅಂಥಾ ನಾಡಲ್ಲಿ ದೊಡ್ಡವರು ಓದೋ ಕನ್ನಡ ಕಾಮಿಕ್ಸ್ ಒಂದು ಕಪಾಟು ತುಂಬೋಷ್ಟೂ ಇಲ್ಲ ಅಂದ್ರೆ ಏನು ಹೇಳೋದು.

ಇದೇ ಸಾಲಿನ ಅಬ್ಸಲ್ಯೂಟ್ ವಂಡರ್ ವುಮನ್ ಬ್ಯಾಟ್‌ಮ್ಯಾನ್‌ಗಿಂತ ಒಂದು ಕೈ ಮೇಲೆ ಅಂತ ನನ್ನ ಅಭಿಪ್ರಾಯ, ಜಗಳ ಆಡೋರು ಆಡಿ. ಕೆಲ್ಲಿ ಥಾಂಪ್ಸನ್ ಬರವಣಿಗೆ, ಹೇಡನ್ ಶೆರ್ಮನ್ ಚಿತ್ರ. ಅಮೆಜಾನ್ ಅಕ್ಕ ತಂಗೀರು ಸ್ವರ್ಗದಂಥ ದ್ವೀಪ ಎಲ್ಲಾ ಕಿತ್ಕೊಂಡು ವಂಡರ್ ವುಮನ್‌ನ ಮಗುವಾಗಿದ್ದಾಗ್ಲೇ ನರಕದಲ್ಲಿ ತಂದು ಹಾಕಿದ್ದಾರೆ, ಸಾಕಿ ಬೆಳೆಸೋದು ಮಾಟಗಾತಿ ಸರ್ಸಿ. ನರಕದಲ್ಲಿ ಬೆಳೆದ ಹುಡುಗಿ ಎಲ್ರಿಗಿಂತ ಕರುಣೆ ಇರೋಳು, ಅದು ಬಾಯಿ ಮಾತಿಗಲ್ಲ, ಅವಳು ರಾಕ್ಷಸರ ಜೊತೆ ನಡ್ಕೊಳ್ಳೋ ರೀತೀಲಿ ಗೊತ್ತಾಗುತ್ತೆ. ಕುದುರೆ ಬರೀ ಮೂಳೆ. ಓದಿ ಅಷ್ಟೇ.

ಜೇಮ್ಸ್ ಗನ್‌ನ ಸೂಪರ್‌ಮ್ಯಾನ್ ಸಿನಿಮಾ (2025ರ ಜುಲೈ) ಶುರುವಾಗೋದೇ ಹೀರೋ ಸೋತು ಹಿಮದ ಮೇಲೆ ಧೊಪ್ಪಂತ ಬೀಳೋದ್ರಿಂದ, ಉಸಿರಾಡೋಕೂ ಆಗದೆ ನಾಯಿಗೆ ಸೀಟಿ ಹೊಡೀತಾನೆ, ಆ ಕ್ರಿಪ್ಟೋ ಬಂದು ಕಾಪಾಡೋ ಬದ್ಲು ಮೊದ್ಲು ಮೈಮೇಲೆ ಕುಣಿದು ಇನ್ನೂ ನಾಲ್ಕು ಮೂಳೆ ನೋಯಿಸುತ್ತೆ. ಆ ಹತ್ತು ನಿಮಿಷ ಚಿನ್ನ. ಡೇವಿಡ್ ಕೊರೆನ್‌ಸ್ವೆಟ್ ಮುಖದಲ್ಲಿ ಒಳ್ಳೇತನ ಇದೆ, ರಿಪೋರ್ಟರ್ ಗೆಳತಿ ಲೋಯಿಸ್ ಮನೇಲಿ ಕೂತು ಇಂಟರ್‌ವ್ಯೂ ಕೊಡ್ತಾ ಕೊಡ್ತಾ ಜಗಳಕ್ಕೆ ತಿರುಗೋ ಸೀನ್ ಇದ್ಯಲ್ಲ, ಇಡೀ ಸಿನಿಮಾದ ಯಾವ ಫೈಟಿಗಿಂತಲೂ ಅದೇ ಬಿಸಿ. ಆಮೇಲೆ ಪಾಕೆಟ್ ಲೋಕ, ಕಪ್ಪು ನದಿ, ಅವನು ಇವನು ಅಂತ ಸಂತೆ ಸೇರಿಸಿ ಗೊಂದಲ ಮಾಡಿದ್ದಾರೆ. ನಮ್ಮ ಸೆನ್ಸಾರ್‌ನವರು 33 ಸೆಕೆಂಡ್ ಮುತ್ತು ಕತ್ತರಿಸಿ ಬಿಟ್ರು ಅಂತ ಆಗ ದೊಡ್ಡ ಗಲಾಟೆ. ಬಿಲ್ಡಿಂಗ್‌ಗಟ್ಟಲೆ ಉರುಳಿದ್ರೂ ಪರವಾಗಿಲ್ಲ, ಪ್ರೀತಿ ಮಾತ್ರ ಬೇಡ, ಚೆನ್ನಾಗಿದೆ.

33 ಅಂದಾಗ ನೆನಪಾಯ್ತು, ಕ್ಲೇರ್ ಆಬ್‌ಸ್ಕ್ಯೂರ್: ಎಕ್ಸ್‌ಪೆಡಿಷನ್ 33 ಆಡಿಲ್ಲ ಅಂದ್ರೆ ಆಡಿ. ಫ್ರಾನ್ಸ್‌ನ ಮಾಂಪೆಲಿಯೇ ಊರಿನ ಸಣ್ಣ ಸ್ಟುಡಿಯೋ ಸ್ಯಾಂಡ್‌ಫಾಲ್, ಮೊದಲ ಗೇಮಿಗೇ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಸೇರಿ ಒಂಬತ್ತು ಪ್ರಶಸ್ತಿ. ಇಲ್ಲಿ ಬಡತನ ಆಯಸ್ಸಿಂದು. ವರ್ಷಕ್ಕೊಂದು ಸಲ ದೂರದ ಕಲ್ಲಿನ ಮೇಲೆ ಒಬ್ಬಳು ಒಂದು ಸಂಖ್ಯೆ ಬರೀತಾಳೆ, ಆ ವಯಸ್ಸಿನವರೆಲ್ಲಾ ಹೂವಿನ ಎಸಳಾಗಿ ಗಾಳೀಲಿ ಹೋಗ್ಬಿಡ್ತಾರೆ, ಸಂಖ್ಯೆ ಇಳೀತಾ ಇಳೀತಾ 33ಕ್ಕೆ ಬಂದಿದೆ. ಹೋಗೋರ ಕೊರಳಿಗೆ ಹೂವಿನ ಹಾರ ಹಾಕಿ ಬಂದರಿನ ಹತ್ರ ಬೀಳ್ಕೊಡೋ ಮೊದಲ ಅರ್ಧ ಗಂಟೆ ಸಾಕು, ಗಂಟಲು ಕಟ್ಟುತ್ತೆ. ಟರ್ನ್ ಬೇಸ್ಡ್ (ಸರದಿ ಪ್ರಕಾರ ಹೊಡೆದಾಡೋ ಗೇಮ್) ಅಂದ್ರೆ ನಿದ್ದೆ ಬರುತ್ತೆ ಅನ್ನೋರಿಗೂ ಇಲ್ಲಿ ನಿದ್ದೆ ಬರಲ್ಲ, ಶತ್ರು ಹೊಡೆಯೋ ಪ್ರತಿ ಏಟಿಗೂ ಸರಿಯಾದ ಕ್ಷಣಕ್ಕೆ ಬಟನ್ ಒತ್ತಬೇಕು. ಮ್ಯಾಪ್ ಮಾತ್ರ ಕೊಡಲ್ಲ ಏರಿಯಾದೊಳಗೆ, ಸುತ್ತಿದ ಜಾಗಾನೇ ಸುತ್ತಿ ಸುತ್ತಿ ತಲೆ ಕೆಡುತ್ತೆ.

ಮಹಾವತಾರ್ ನರಸಿಂಹ ಅನಿಮೇಷನ್ ಸಿನಿಮಾ ಬಗ್ಗೆ ತುಂಬಾ ಜನ ಕೇಳಿದ್ರು. ಅಶ್ವಿನ್ ಕುಮಾರ್ ನಿರ್ದೇಶನ, ನಮ್ಮ ಹೊಂಬಾಳೆ ಅರ್ಪಿಸಿದ್ದು. ನಡೆಯೋದು ಕೂರೋದು ಮಾತಾಡೋದು ಎಲ್ಲಾ ಸ್ವಲ್ಪ ಗೊಂಬೆ ಗೊಂಬೆ ಥರ ಇದೆ, ಸುಳ್ಳು ಯಾಕೆ ಹೇಳ್ಲಿ. ಕಂಬ ಒಡೆದ್ಮೇಲೆ ಅದ್ಯಾವುದೂ ಕಣ್ಣಿಗೆ ಬೀಳಲ್ಲ. ಎಲ್ಲರಿಗೂ ಗೊತ್ತಿರೋ ಕಥೆಗೆ ಸಿಂಗಲ್ ಸ್ಕ್ರೀನಲ್ಲಿ ಅಜ್ಜ ಅಜ್ಜಿ ಮೊಮ್ಮಕ್ಕಳು ಒಟ್ಟಿಗೆ ಕೂಗಿದ್ದು ಕೇಳಿದ್ಮೇಲೆ ಟೆಕ್ನಿಕಲ್ ತಪ್ಪು ಎಣಿಸೋಕೆ ನನಗೆ ಮನಸ್ಸು ಬರಲಿಲ್ಲ.

ಕೊನೆಗೆ ಲೋಕಾ, ಚಾಪ್ಟರ್ 1: ಚಂದ್ರ. 2025ರ ಆಗಸ್ಟ್ 28ಕ್ಕೆ ಬಂದ ಮಲಯಾಳಂ ಸಿನಿಮಾ, ಡಾಮಿನಿಕ್ ಅರುಣ್ ನಿರ್ದೇಶನ, ದುಲ್ಕರ್ ಸಲ್ಮಾನ್ ನಿರ್ಮಾಣ, ಕಲ್ಯಾಣಿ ಪ್ರಿಯದರ್ಶನ್ ಹೀರೋ. ಹೀರೋಯಿನ್ ಅಲ್ಲ, ಹೀರೋ. ಮೂವತ್ತು ಕೋಟಿ ಆಸುಪಾಸಿನ ಬಜೆಟ್ಟು ಅಂತಾರೆ, ಕಲೆಕ್ಷನ್ ಮುನ್ನೂರು ಕೋಟಿ ಮುಟ್ಟಿತು. ಕೇರಳದ ಕಳ್ಳಿಯಂಕಾಟ್ಟು ನೀಲಿ ಅನ್ನೋ ಯಕ್ಷಿ ಕಥೆ ಇದ್ಯಲ್ಲ, ಆ ಯಕ್ಷೀನ ಎತ್ಕೊಂಡು ಬಂದು ಬೆಂಗಳೂರಲ್ಲಿ ಬಾಡಿಗೆ ಮನೇಲಿ ಇರಿಸಿ, ಕೆಫೆಯೊಂದರಲ್ಲಿ ನೈಟ್ ಶಿಫ್ಟ್ ಕೆಲಸಕ್ಕೆ ಹಾಕಿದ್ದಾರೆ! ಶತಮಾನಗಳಿಂದ ಬದುಕಿರೋ ಶಕ್ತಿ, ಎದುರು ಮನೇಲಿ ಕೆಲಸ ಇಲ್ಲದ ಪಡ್ಡೆ ಹುಡುಗರ ಗ್ಯಾಂಗು, ಒಬ್ಬ ಕಿಟಕಿಯಿಂದ ಇಣುಕ್ತಾನೇ ಇರ್ತಾನೆ. ಬೆಂಗಳೂರಲ್ಲಿ ಬಾಡಿಗೆಗೆ ಇದ್ದವರಿಗೆ ಈ ಸೆಟಪ್ ಹೊಸದೇನಲ್ಲ, ಯಕ್ಷಿ ಒಂದು ಬಿಟ್ರೆ. ನಸ್ಲೆನ್ ಆ ಸನ್ನಿ ಪಾತ್ರದಲ್ಲಿ ಹೀರೋಗಿರಿ ಒಂಚೂರೂ ಮಾಡದೆ, ಹೆದರಿಕೆಯಾದಾಗ ನಿಜವಾಗ್ಲೂ ಹೆದರಿ, ಬೇಕಾದಷ್ಟು ನಗಿಸ್ತಾನೆ.

ನನಗೆ ಇಷ್ಟ ಆಗಿದ್ದು ಹಿಂದಿನ ಕಥೆ. ದೇವಸ್ಥಾನಕ್ಕೆ ಕಾಲಿಡೋ ಹಾಗಿಲ್ಲದ ಬುಡಕಟ್ಟಿನ ಹುಡುಗಿ, ರಾಜನ ಕಡೆಯವರ ಕ್ರೌರ್ಯ, ಅಲ್ಲಿಂದ ಹುಟ್ಟಿದ ನೀಲಿ. ಊರಿನವರು ಹೆದರಿಸೋಕೆ ಹೇಳ್ತಿದ್ದ ಕಥೇನ ಆ ಹುಡುಗಿ ಕಡೆಯಿಂದ ನೋಡಿದ್ದಾರೆ, ನಿಮಿಷ್ ರವಿ ಕ್ಯಾಮೆರಾ ಆ ಭಾಗಕ್ಕೆ ಕೆಂಪು ಕಪ್ಪು ಹಚ್ಚಿರೋದು ಕಣ್ಣಿಗೆ ಹಬ್ಬ, ಜೇಕ್ಸ್ ಬಿಜಾಯ್ ಮ್ಯೂಸಿಕ್ ಥಿಯೇಟರಲ್ಲಿ ಎದೆಗೆ ಬಡಿಯುತ್ತೆ. ಸೆಕೆಂಡ್ ಹಾಫಲ್ಲಿ ಅತಿಥಿ ಪಾತ್ರಗಳ ಮೆರವಣಿಗೆ ಜಾಸ್ತಿ ಆಯ್ತು, ಅಂಗಾಂಗ ಮಾರೋ ಗ್ಯಾಂಗ್ ಕಥೆ ಅರ್ಧಂಬರ್ಧ, ವಿಲನ್ ಪೊಲೀಸ್ ನಾಚಿಯಪ್ಪ ಗೌಡ ಪಾತ್ರದಲ್ಲಿ ಸ್ಯಾಂಡಿ ಕಣ್ಣಲ್ಲೇ ವಿಷ ಕಕ್ಕಿದ್ರೂ ಆ ಪಾತ್ರ ಮಾತ್ರ ಪೇಪರಲ್ಲಿ ಒಂದೇ ಗೆರೆ.

ಬೆಂಗಳೂರು ಹುಡುಗೀರ ಬಗ್ಗೆ ಒಂದು ಡೈಲಾಗ್ ಇತ್ತು, ಇಲ್ಲಿ ವಿರೋಧ ಬಂದ್ಮೇಲೆ ನಿರ್ಮಾಪಕರು ಕ್ಷಮೆ ಕೇಳಿ ತೆಗೀತೀವಿ ಅಂದ್ರು, ಒಳ್ಳೇದಾಯ್ತು. ನನ್ನ ತಕರಾರು ಅದಕ್ಕಿಂತ ಬೇರೆ. ಬೆಂಗಳೂರಲ್ಲಿ ನಡೆಯೋ ಕಥೇಲಿ ಕನ್ನಡ ಊಟಕ್ಕೆ ಉಪ್ಪಿನಕಾಯಿಯಷ್ಟು. ಇನ್ನೂ ಹೊಟ್ಟೆ ಉರಿಯೋ ವಿಷಯ ಏನಂದ್ರೆ, ತೊಂಬತ್ತರ ದಶಕದಲ್ಲಿ ಮನೆ ಬಾಗಿಲ ಮೇಲೆಲ್ಲಾ ನಾಳೆ ಬಾ ಅಂತ ಬರೆದು ದೆವ್ವನ ವಾಪಸ್ ಕಳಿಸ್ತಿದ್ದ ಊರು ನಮ್ದು, ಕಥೆ ನಮ್ಮ ಬಾಗಿಲಲ್ಲೇ ನಿಂತಿತ್ತು, ನಾವು ಅದಕ್ಕೂ ನಾಳೆ ಬಾ ಅಂದ್ವಿ, ಮಲಯಾಳದವರು ಅವರ ಯಕ್ಷೀನ ಕರ್ಕೊಂಡು ಬಂದು ನಮ್ಮೂರಲ್ಲೇ ಸೂಪರ್‌ಹೀರೋ ಮಾಡ್ಬಿಟ್ರು. ಬಾಲಮಂಗಳದಲ್ಲಿ ನಾವು ಓದಿ ಬೆಳೆದ ಡಿಂಗ ಇಲೀನೂ ಮೂಲ ಅವರದ್ದೇ ತಾನೇ.

ಟಿಕೆಟ್ ರೇಟ್ ಬಗ್ಗೆನೂ ಒಂದು ಮಾತು. 2025ರ ಸೆಪ್ಟೆಂಬರಲ್ಲಿ ಸರ್ಕಾರ ತೆರಿಗೆ ಬಿಟ್ಟು ಇನ್ನೂರು ರೂಪಾಯಿ ಮಿತಿ ಅಂತ ಆದೇಶ ಮಾಡ್ತು, ಖುಷಿ ಪಡೋಷ್ಟರಲ್ಲಿ ಹೈಕೋರ್ಟ್ ತಡೆ ಕೊಡ್ತು. ಲೋಕಾ ಥರದ್ದನ್ನ ಸಿಂಗಲ್ ಸ್ಕ್ರೀನಲ್ಲಿ ನೋಡಿ, ದುಡ್ಡೂ ಉಳಿಯುತ್ತೆ ಶಿಳ್ಳೇನೂ ಸಿಗುತ್ತೆ. ಥಿಯೇಟರ್ ತಪ್ಪಿದವರಿಗೆ ಜಿಯೋಹಾಟ್‌ಸ್ಟಾರಲ್ಲಿದೆ, ಮಲಯಾಳಂ ಅರ್ಥ ಆಗುತ್ತೆ ಅನ್ನೋರು ಡಬ್ಬಿಂಗ್ ಮುಟ್ಟಬೇಡಿ. ಎರಡನೇ ಭಾಗ ಟೊವಿನೋ ಥಾಮಸ್ ಮಾಡಿರೋ ಚಾತನ್ (ಕೇರಳದ ಕಥೆಗಳ ತುಂಟ ಭೂತ) ಪಾತ್ರದ ಮೇಲೆ ಅಂತ ಹೇಳಿದ್ದಾರೆ. ಅದೂ ಬೆಂಗಳೂರಲ್ಲೇ ನಡೆಯೋದಾದ್ರೆ ದಯವಿಟ್ಟು ಪೊಲೀಸ್ ಸ್ಟೇಷನ್ ಸೀನಿಗಾದ್ರೂ ಮಂಡ್ಯ ಕಡೆ ಒಬ್ಬ ಹೆಡ್ ಕಾನ್‌ಸ್ಟೇಬಲ್‌ನ ಹಾಕ್ಕೊಳ್ಳಿ, ಚಾತನ್ ಎದ್ರಿಗೆ ನಿಂತು ಏನ್ಲಾ ನಿನ್ ಗಲಾಟೆ ಅಂತ ಕೇಳೋ ಧೈರ್ಯ ಅವನಿಗೆ ಬಿಟ್ರೆ ಇನ್ಯಾರಿಗೂ ಇರಲ್ಲ.